ಉಳಿದದ್ದು ನಿನಗೆ

ಇನ್ಶಿರಾಹ್ ಟಿವಿಯ ಮುಂದೆ ನೆಲದ ಮೇಲೆ ಕೂತು ಒಂದಾದ ಮೇಲೊಂದು ನಂಬರು ಒತ್ತುತ್ತಿದ್ದಳು. ದನಿಯನ್ನು ಪೂರ್ತಿ ಇಳಿಸಿದ್ದಳು. ಸುದ್ದಿ ಬರಬೇಕಾದ ಎರಡರಲ್ಲಿ ಹಸಿರು ಅಂಚಿನ ಕುರಾನ್ ಪುಟ. ಹಳೆಯ ಸಿನಿಮಾಗಳ ಐದರಲ್ಲಿ ಅದೇ ಪುಟ. ಫುಟ್‌ಬಾಲಿನ ಏಳರಲ್ಲಿ, ಅಡುಗೆಯ ಒಂಬತ್ತರಲ್ಲಿ, ಧಾರಾವಾಹಿಗಳ ಹನ್ನೆರಡರಲ್ಲಿ ಅದೇ ಪುಟ, ಅದೇ ಸಾಲು.

“ಗಂಡನ್ನ ಹೊತ್ತುಕೊಂಡು ಹೋದೋರು ಇನ್ನೂ ಬೀದಿ ತಿರುವು ದಾಟಿಲ್ಲ,” ಎಂದಳು ಗೋಡೆಗೆ ಒರಗಿದ್ದ ಶೌಕಿಯ್ಯಾ. ತೀರಿಕೊಂಡ ಬಯ್ಯೂಮಿಯ ಅಕ್ಕ ಅವಳು. “ನೀನು ಟಿವಿ ಹಾಕ್ಕೊಂಡು ಕೂತಿದ್ದೀಯ. ಬಂದೋರು ಏನಂದ್ಕೋತಾರೆ?”

“ನೋಡ್ತಿಲ್ಲ ಅಕ್ಕ. ಹುಡುಕ್ತಿದ್ದೀನಿ.”

“ಅದರೊಳಗೆ ಸಿಗ್ತಾನಾ ಅವನು?”

ಇನ್ಶಿರಾಹ್ ಇನ್ನೊಂದು ನಂಬರು ಒತ್ತಿದಳು. ಕಪ್ಪು ಬಟ್ಟೆಯ ಹೆಂಗಸರು ಚಾಪೆಯ ಮೇಲೆ ಒಬ್ಬರಿಗೊಬ್ಬರು ತಾಗಿ ಕೂತಿದ್ದರು. ಮಗಳು ರಿಹಾಬ್ ಸಕ್ಕರೆಯಿಲ್ಲದ ಕಾಫಿಯ ತಟ್ಟೆ ಹಿಡಿದು ಅವರ ನಡುವೆ ಜಾಗ ಮಾಡಿಕೊಂಡು ಓಡಾಡುತ್ತಿದ್ದಳು. ಟಿವಿಯ ಈ ಸುದ್ದಿ ತಂದವಳು ಕೆಳಮನೆಯ ಬಸೀಮಾ. ಬಂದವಳು ಇನ್ಶಿರಾಹಳ ಎರಡೂ ಕೆನ್ನೆಗೆ ಮುತ್ತಿಟ್ಟು, “ಉಳಿದದ್ದು ನಿನ್ನ ಆಯಸ್ಸಿಗೆ ಸೇರಲಿ,” ಎಂದು, ಸತ್ತವನು ಬದುಕದೆ ಬಿಟ್ಟ ದಿನಗಳು ಇದ್ದವರಿಗೆ ಸಿಗಲೆಂದು ಎಲ್ಲರೂ ಹೇಳುವ ಮಾತು ಹೇಳಿ, ಆಮೇಲೆ ಕಿವಿಯ ಹತ್ತಿರ ಬಾಯಿ ತಂದಿದ್ದಳು. “ಬೆಳಿಗ್ಗೆಯಿಂದ ಎಲ್ಲಾ ನಂಬರಲ್ಲೂ ಕುರಾನೇ ಬರ್ತಿದೆ ಕಣೇ. ಉಸ್ತಾ ಬಯ್ಯೂಮಿ ಇದ್ದಾಗ ಹೇಗೆ ಮಾಡ್ತಿದ್ರೋ ಹಾಗೇ. ನಿನ್ನ ಮಗ ಇಮಾದ್ ಹಾಕಿರಬೇಕು. ಒಳ್ಳೇ ಮಗ ಹೆತ್ತಿದ್ದೀಯ.”

ಇಮಾದ್ ಹಾಕಿರಲಿಲ್ಲ. ಬೆಳಗಿನ ನಮಾಜಿಗೆಂದು ಎದ್ದ ಬಯ್ಯೂಮಿ ಮಂಚದ ಅಂಚಿನಲ್ಲಿ ಕೂತವನು ಹಾಗೇ ಹಿಂದಕ್ಕೆ ಒರಗಿದ ಗಳಿಗೆಯಿಂದ ಹೆಣ ಎತ್ತುವವರೆಗೆ ಇಮಾದ್ ಅಪ್ಪನ ಬಳಿಯಿಂದ ಕದಲಿರಲಿಲ್ಲ.

ಓಣಿಯ ಅರ್ಧ ಜನ ಬಯ್ಯೂಮಿಯ ಕಣ್ಣಿನಿಂದಲೇ ಜಗತ್ತು ನೋಡಿದವರು. ಅವನ ತಾರಸಿಯ ಮೇಲಿನ ಡಿಶ್‌ಗಳು ಆಕಾಶದಿಂದ ಹಿಡಿದದ್ದು ತಾರಸಿ ಕೋಣೆಯ ರಿಸೀವರ್‌ಗಳಿಗೆ ಇಳಿಯುತ್ತಿತ್ತು. ಒಂದೊಂದು ರಿಸೀವರಿಗೆ ಒಂದೊಂದು ಚಾನೆಲ್, ಒಂದೊಂದು ನಂಬರು. ಎಲ್ಲವೂ ಒಂದೇ ಕೇಬಲ್ಲಿಗೆ ಸೇರಿ ಬಾಲ್ಕನಿಯಿಂದ ಬಾಲ್ಕನಿಗೆ, ಬಟ್ಟೆ ಒಣಹಾಕುವ ಹಗ್ಗಗಳ ಜೊತೆಜೊತೆಗೇ, ಝುಮುರ್ ಕಾಲುವೆಯ ಅಂಚಿನ ಕೊನೆಯ ಮನೆಯವರೆಗೆ ಹೋಗುತ್ತಿದ್ದವು. ಇದನ್ನು ಜನ ವಸ್ಲಾ ಅನ್ನುತ್ತಿದ್ದರು, ಬೆಸುಗೆ ಅಂತ; ಅವನನ್ನು ಉಸ್ತಾ, ಮೇಸ್ತ್ರಿ ಅಂತ. ಅವನು ಮೇಲೆ ಏನು ಹಾಕಿದರೆ ಕೆಳಗೆ ಅದೇ. ಓಣಿಯಲ್ಲಿ ಯಾರಾದರೂ ಸತ್ತರೆ, ಮಣ್ಣು ಮಾಡಿ ಗಂಡಸರು ಮರಳುವವರೆಗೆ ಎಲ್ಲಾ ನಂಬರಿಗೂ ಕುರಾನ್ ಹಾಕುತ್ತಿದ್ದ. ಹಾಕು ಎಂದು ಯಾರೂ ಹೇಳಿರಲಿಲ್ಲ. ಬೇಡ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ. ಪಂದ್ಯ ನೋಡಲೇಬೇಕು ಅನ್ನುವವನು ತಲೆ ತಗ್ಗಿಸಿಕೊಂಡು ಪಕ್ಕದ ಓಣಿಯ ಕಾಫಿ ಅಂಗಡಿಗೆ ಹೋಗುತ್ತಿದ್ದ.

ಹೆಣಕ್ಕೆ ಸ್ನಾನ ಮಾಡಿಸಿದವನು ಬಯ್ಯೂಮಿಯ ಮೈಮೇಲಿದ್ದುದನ್ನೆಲ್ಲ ಕರವಸ್ತ್ರದಲ್ಲಿ ಕಟ್ಟಿ ಕೊಟ್ಟಿದ್ದ. ಬೆಳ್ಳಿಯ ಉಂಗುರ, ಮೊಬೈಲು, ತಾರಸಿ ಕೋಣೆಯ ಕೀ. ಮೊಬೈಲೂ ಆ ಕೀಯೂ ಈಗ ಇನ್ಶಿರಾಹಳ ಎದೆಯ ಬಳಿ, ಉಡುಪಿನ ಒಳಗಿದ್ದವು. ಅಂದರೆ ಇನ್ನೊಂದು ಕೀ ಇದೆ. ಯಾರ ಹತ್ತಿರ ಎಂಬುದು ಕೇಳಿಕೊಳ್ಳುವ ಮೊದಲೇ ಅವಳಿಗೆ ಗೊತ್ತಿತ್ತು.

*

ದಿನವೂ ಸಂಜೆ ಬಯ್ಯೂಮಿ ಚಹಾದ ಲೋಟ ಹಿಡಿದು ಬಾಲ್ಕನಿಗೆ ಹೋಗಿ ಫೋನು ಮಾಡುತ್ತಿದ್ದ. ಮೊದಲು ಮನೆಯ ಫೋನಿನ ತಂತಿ ಎಳೆದುಕೊಂಡು, ಆಮೇಲೆ ಮೊಬೈಲಿನಲ್ಲಿ. ಹೇಳುತ್ತಿದ್ದುದು ಒಂದೇ ಮಾತು.

“ಚಿತ್ರ ಹೇಗಿದೆ?”

ಆ ಕಡೆಯವಳು ಏನೋ ಹೇಳುತ್ತಿದ್ದಳು. ಅವನು “ಹೂಂ” ಅನ್ನುತ್ತಿದ್ದ. “ಮರಳು ಇದೆಯಾ?” ಅನ್ನುತ್ತಿದ್ದ, ತೆರೆಯ ಮೇಲೆ ಸುರಿಯುವ ಬಿಳಿ ಚುಕ್ಕಿಗಳಿಗೆ ಅವನಿಟ್ಟ ಹೆಸರು ಅದು. ಮತ್ತೆ “ಹೂಂ.” ಕೆಲವು ಸಲ ನಗುತ್ತಿದ್ದ. ಅಡುಗೆಮನೆಯಲ್ಲಿ ಮುಲೂಖಿಯಾ ಸೊಪ್ಪು ಹೆಚ್ಚುತ್ತಿದ್ದ ಇನ್ಶಿರಾಹಳ ಕೈ ನಿಲ್ಲುತ್ತಿತ್ತು.

ಆ ಕಡೆಯವಳು ವಿದಾದ್. ಕೊನೆಯ ಮನೆಯ ದರ್ಜಿ. ಅವಳ ಗಂಡ ದುಡಿಯಲು ಇರಾಕಿಗೆ ಹೋದವನು, ಯುದ್ಧ ಮುಗಿದು ಎಲ್ಲರೂ ಬಂದರೂ ಅವನು ಬರಲಿಲ್ಲ. ವಿದಾದಳ ಮೂಗು ಉದ್ದ, ಮೈ ಕಡ್ಡಿ, ಮಾತು ಕಡಿಮೆ. ಅವಳಲ್ಲಿ ಏನು ಕಂಡಾನು ಎಂದು ಇನ್ಶಿರಾಹ್ ತನ್ನನ್ನು ತಾನೇ ಸಮಾಧಾನ ಮಾಡಿಕೊಂಡದ್ದುಂಟು. ಆದರೆ ಏನೂ ಇಲ್ಲದವಳ ಹತ್ತಿರ ಒಬ್ಬ ಗಂಡಸು ದಿನಾ ಮಾತಾಡುತ್ತಾನೆಂದರೆ ಅದು ಇನ್ನೂ ಕೆಟ್ಟದ್ದು ಅನ್ನಿಸಿ ಆ ಸಮಾಧಾನವೂ ಉಳಿಯುತ್ತಿರಲಿಲ್ಲ.

ಒಂದು ದಿನ ಕೇಳಿಯೇ ಬಿಟ್ಟಿದ್ದಳು. “ಓಣಿಯಲ್ಲಿ ಇಷ್ಟು ಮನೆ ಇದೆ. ಅವಳನ್ನೇ ಯಾಕೆ ಕೇಳ್ತೀರಿ?”

“ಅವಳದ್ದು ಕೊನೇ ಮನೆ. ಅಲ್ಲಿ ಸರಿ ಇದ್ರೆ ಎಲ್ಲಾ ಕಡೆ ಸರಿ.”

“ನನ್ನನ್ನ ಒಂದು ದಿನಾನೂ ಕೇಳಲಿಲ್ಲ, ಚಿತ್ರ ಹೇಗಿದೆ ಅಂತ.”

ಅವನು ನಿಜಕ್ಕೂ ಅರ್ಥವಾಗದವನಂತೆ ಅವಳ ಮುಖ ನೋಡಿದ್ದ. “ನಿನ್ನದು ಮೊದಲನೇ ಮನೆ. ನಿನ್ನ ಹತ್ತಿರ ಕೇಳೋದೇನಿದೆ?”

*

“ಬಂದಳು,” ಎಂದಳು ಶೌಕಿಯ್ಯಾ ತುಟಿ ಅಲ್ಲಾಡಿಸದೆ.

ಬಾಗಿಲಲ್ಲಿ ವಿದಾದ್ ಚಪ್ಪಲಿ ಬಿಡುತ್ತಿದ್ದಳು. ಕಪ್ಪು ಗಲಾಬಿಯಾ ನಿಲುವಂಗಿ ಹೊಸದೇನಲ್ಲ, ಮೊಣಕೈಯಲ್ಲಿ ತೇಪೆ. ದರ್ಜಿಯ ತೇಪೆ, ಹುಡುಕಿದರೆ ಮಾತ್ರ ಕಾಣುವಂಥದ್ದು. ಇನ್ಶಿರಾಹ್ ಹುಡುಕಿದಳು. ಕಣ್ಣು ಕೆಂಪಾಗಿವೆಯೇ ಎಂದೂ ನೋಡಿದಳು. ಕೆಂಪಾಗಿದ್ದವು. ಅಳುವುದಕ್ಕೂ ಇವಳಿಗೆ ಪಾಲು ಬೇಕೇ ಎಂದುಕೊಂಡಳು. ತನಗೆ ಬೆಳಿಗ್ಗೆಯಿಂದ ಒಂದು ಹನಿ ಬಂದಿರಲಿಲ್ಲ.

ವಿದಾದ್ ಬಂದು ಬಗ್ಗಿ ಅವಳ ಕೈ ಹಿಡಿದಳು. “ಉಳಿದದ್ದು ನಿನ್ನ ಆಯಸ್ಸಿಗೆ ಸೇರಲಿ, ಉಮ್ ಇಮಾದ್,” ಎಂದಳು, ಇಮಾದನ ತಾಯಿ ಎಂದು ಓಣಿಯವರೆಲ್ಲ ಕರೆಯುವ ಹಾಗೆ.

ಇದಕ್ಕೆ ‘ನಿನ್ನ ಆಯಸ್ಸೂ ಉಳಿಯಲಿ’ ಎಂದು ತಿರುಗಿ ಹೇಳಬೇಕು. ಬೆಳಿಗ್ಗೆಯಿಂದ ಬಂದವರಿಗೆಲ್ಲ, ಇಷ್ಟವಿಲ್ಲದವರಿಗೂ, ಇನ್ಶಿರಾಹ್ ಹೇಳಿದ್ದಳು. ಈಗ ಬಾಯಿ ತೆರೆಯಲಿಲ್ಲ. ಕಾಫಿ ಕುಡಿಯುತ್ತಿದ್ದ ಹೆಂಗಸರ ಬಟ್ಟಲುಗಳು ತುಟಿಯ ಹತ್ತಿರವೇ ನಿಂತವು.

“ಉಳಿದದ್ದು ನನಗೆಲ್ಲಿ?” ಎಂದಳು ಕೊನೆಗೆ. “ಉಳಿದದ್ದೆಲ್ಲ ನಿನಗೇ ಹೋಗಿದೆಯಲ್ಲ.”

“ಅಮ್ಮಾ,” ಎಂದಳು ರಿಹಾಬ್ ಮೆಲ್ಲಗೆ.

“ನೀನು ಕಾಫಿ ಕೊಡು. ವಿದಾದ್, ನಿನ್ನ ಹತ್ತಿರ ಇರೋ ಕೀ ಕೊಡು.”

ವಿದಾದ್ ಯಾವ ಕೀ ಎಂದು ಕೇಳಲಿಲ್ಲ. ಕೇಳಿದ್ದರೆ ಇನ್ಶಿರಾಹ್ ಅಲ್ಲೇ ಅವಳ ಜುಟ್ಟು ಹಿಡಿಯುತ್ತಿದ್ದಳೋ ಏನೋ. ವಿದಾದ್ ಕತ್ತಿನ ಹತ್ತಿರ ಕೈಹಾಕಿ ಕಪ್ಪು ದಾರದಲ್ಲಿ ಪೋಣಿಸಿದ ಕೀ ಹೊರಗೆ ತೆಗೆದಳು. ಕತ್ತಿನಲ್ಲಿ, ತಾಯಿತದ ಹಾಗೆ. ಯಾರೋ ಹೆಂಗಸು “ದೇವರೇ,” ಎಂದಳು.

“ಇಲ್ಲಿ ಕೊಡೋದಿಲ್ಲ,” ಎಂದಳು ವಿದಾದ್. “ಮೇಲೆ ಬಾ. ಅಲ್ಲೇ ಕೊಡ್ತೀನಿ.”

“ಇನ್ಶಿರಾಹ್ ಆ ಕೋಣೆಗೆ ಕಾಲಿಡೋದಿಲ್ಲ ಅಂತ ಆಣೆ ಮಾಡಿದ್ದಾಳೆ,” ಎಂದಳು ಶೌಕಿಯ್ಯಾ ಗೆದ್ದವಳಂತೆ. “ಓಣಿಗೆಲ್ಲ ಗೊತ್ತು.”

ಇನ್ಶಿರಾಹ್ ಮಂಡಿಯ ಮೇಲೆ ಕೈಯೂರಿ ಎದ್ದಳು. “ಆಣೆ ಮುರಿದವರು ಉಪವಾಸ ಮಾಡಿದರಾಯ್ತು ಅಕ್ಕ. ಹೇಗೂ ಇವತ್ತು ಊಟ ಸೇರೋದಿಲ್ಲ.”

*

ಆಣೆ ಮಾಡಿದ್ದು ಒಂದು ಫುಟ್‌ಬಾಲ್ ಪಂದ್ಯದ ದೆಸೆಯಿಂದ. ಆಗ ಇನ್ಶಿರಾಹ್ ದಿನವೂ ತಾರಸಿ ಕೋಣೆಗೆ ಹೋಗುತ್ತಿದ್ದಳು. ಗಂಡ ಕೇಬಲ್ ಕಟ್ಟಲು ಕಂಬ ಹತ್ತಿದಾಗ ರಿಸೀವರ್‌ಗಳ ಹತ್ತಿರ ಕೂತಿರುತ್ತಿದ್ದಳು, ಬೆಂಡೆಕಾಯಿ ಹೆಚ್ಚಿಕೊಂಡು. ಆ ಸಂಜೆ ಕಪ್ಪಿನ ಕೊನೆಯ ಪಂದ್ಯ. ಇನ್ನೇನು ಮುಗಿಯಬೇಕು, ಓಣಿಯೇ ಉಸಿರು ಹಿಡಿದಿತ್ತು. ಅವಳಿಗೆ ಅಡುಗೆಯ ನಂಬರಿನಲ್ಲಿ ಏನೋ ಸಿಹಿ ತೋರಿಸುತ್ತಾರೆಂದು ನೆನಪಾಗಿ ರಿಮೋಟ್ ಎತ್ತಿ ಒತ್ತಿದಳು. ರಿಸೀವರ್‌ಗಳೆಲ್ಲ ಒಂದೇ ಕಂಪನಿಯವು. ಒಂದಕ್ಕೆ ಹೇಳಿದ್ದನ್ನು ಎಲ್ಲವೂ ಕೇಳಿದವು. ಇಡೀ ಓಣಿಯ ಎಲ್ಲಾ ನಂಬರಿನಲ್ಲೂ ಒಬ್ಬಳು ದಪ್ಪನೆಯ ಹೆಂಗಸು ಬಾಣಲೆಯಲ್ಲಿ ಬೆಣ್ಣೆ ಕರಗಿಸತೊಡಗಿದಳು.

ಬಾಲ್ಕನಿಗಳಿಂದ ಎದ್ದ ಗದ್ದಲ ಅವಳಿಗೆ ಇನ್ನೂ ಕೇಳಿಸುತ್ತದೆ. ಅಷ್ಟರಲ್ಲಿ ಗೋಲು ಬಿದ್ದಿತ್ತು. ಯಾರು ಹೊಡೆದರೆಂದು ಓಣಿಯಲ್ಲಿ ಯಾರೂ ನೋಡಲಿಲ್ಲ. ವಾರಗಟ್ಟಲೆ ಕಸ ಎಸೆಯಲು ಹೋದರೂ, “ಉಮ್ ಇಮಾದ್, ಇವತ್ತು ಬೆಣ್ಣೆ ಎಷ್ಟು ಹಾಕಲಿ?” ಎಂದು ಗಂಡಸರು ಕೇಳುತ್ತಿದ್ದರು. ಬಯ್ಯೂಮಿ ಬೈಯಲಿಲ್ಲ. ಅವನೂ ನಕ್ಕ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ತನ್ನ ಅಪ್ಪನ ಗೋರಿಯ ಮೇಲೆ ಆಣೆ ಮಾಡಿ, ಇನ್ನು ಆ ಕೋಣೆಗೆ ಕಾಲಿಡುವುದಿಲ್ಲ ಎಂದಳು.

ಅದಾಗಿ ಕೆಲವು ತಿಂಗಳಿಗೆ ತಂಗಿಯ ಮದುವೆ. ಹಸಿರು ಮಖಮಲ್ಲಿನ ಬಟ್ಟೆಯನ್ನು ವಿದಾದಳಿಗೆ ಹೊಲಿಯಲು ಕೊಟ್ಟಳು. ಬಂದ ಉಡುಪಿನ ತೋಳು ಮೊಣಕೈಯಲ್ಲೇ ನಿಂತಿತ್ತು. “ಬಟ್ಟೆ ಸಾಲಲಿಲ್ಲ,” ಎಂದು ಹೇಳಿ ಕಳಿಸಿದ್ದಳು ವಿದಾದ್. ಅಂಗಡಿಯವನು ಅಳೆದು ಕೊಟ್ಟದ್ದು ಸಾಲದೆ ಹೇಗೆ ಹೋಯಿತು? ಉರಿಬಿಸಿಲಿನ ಮದುವೆಯಲ್ಲಿ ಬರಿಯ ಮುಂಗೈ ಮುಚ್ಚಲು ಮೇಲೊಂದು ಕಪ್ಪು ಸ್ವೆಟರ್ ಹಾಕಿಕೊಂಡು ಕೂತಳು. ಶೌಕಿಯ್ಯಾ ನೆಂಟರಿಗೆಲ್ಲ, “ಇವಳಿಗೆ ಚಳಿಜ್ವರ ಪಾಪ,” ಎಂದು ಹೇಳಿಕೊಂಡು ಬಂದಳು.

ಅದೇ ದಿನಗಳಲ್ಲಿ ಬಯ್ಯೂಮಿ ಒಮ್ಮೆ ಮೆಟ್ಟಿಲ ಮೇಲಿಂದ ಕೂಗಿದ್ದ. “ಇನ್ಶಿರಾಹ್, ಮೇಲೆ ಬಾ. ಒಂದು ತೋರಿಸ್ಬೇಕು.”

“ಆಣೆ ಮಾಡಿದ್ದೀನಿ,” ಎಂದಿದ್ದಳು ಇವಳು.

ಆಮೇಲೆ ಬಾಗಿಲು ಹಾಕಿಕೊಂಡ ಸದ್ದು ಬಂತು. ಮತ್ತೆ ಕರೆಯಲಿಲ್ಲ.

*

ತಾರಸಿಯಲ್ಲಿ ಪಾರಿವಾಳದ ಗೂಡುಗಳ ವಾಸನೆ, ಬಿಸಿಲಿಗೆ ಕಾದ ಡಿಶ್‌ಗಳ ವಾಸನೆ. ವಿದಾದ್ ತನ್ನ ಕೀಯಿಂದಲೇ ಬಾಗಿಲು ತೆಗೆದಳು. ಬೀಗ ಎಲ್ಲಿ ಸಿಕ್ಕಿಕೊಳ್ಳುತ್ತದೆ, ಬಾಗಿಲನ್ನು ಎಲ್ಲಿ ಎತ್ತಿ ನೂಕಬೇಕು ಎಂಬುದು ಅವಳ ಕೈಗೆ ಗೊತ್ತಿತ್ತು. ಇನ್ಶಿರಾಹ್ ಅದನ್ನೂ ಗಮನಿಸಿದಳು.

“ಎಷ್ಟು ದಿನದಿಂದ ಇದೆ ಇದು ನಿನ್ನ ಹತ್ತಿರ?”

“ಉಸ್ತಾಗೆ ಹರ್ನಿಯಾ ಆಪರೇಷನ್ ಆಯ್ತಲ್ಲ, ಆಗಿನಿಂದ. ಯಾರಾದರೂ ಮೇಲೆ ಬಂದು ನೋಡ್ಕೋಬೇಕಿತ್ತು. ನಿನ್ನನ್ನ ಕೇಳಿ ಅಂದೆ. ಆಣೆ ಮಾಡಿದ್ದಾಳೆ ಅಂದರು.”

“ನಾನು ಆಸ್ಪತ್ರೆಯಲ್ಲಿ ಅವರಿಗೆ ಗಂಜಿ ತಿನ್ನಿಸ್ತಿದ್ದಾಗ ನೀನು ಇಲ್ಲಿದ್ದೆ.”

“ಇಲ್ಲಿದ್ದೆ,” ಎಂದಳು ವಿದಾದ್. “ನನಗೆ ಅದೂ ಬೇಕಿತ್ತು. ಸುಳ್ಳು ಯಾಕೆ ಹೇಳಲಿ? ಅವರ ಕುರ್ಚಿಯಲ್ಲಿ ಕೂತಿದ್ದೆ. ಅವರ ಲೋಟದಲ್ಲಿ ಚಹಾ ಕುಡಿದೆ. ಅಷ್ಟೇ ನನಗೆ ಸಿಕ್ಕಿದ್ದು.”

ಇನ್ಶಿರಾಹ್ ಅವಳನ್ನು ತಳ್ಳಿಕೊಂಡು ಒಳಗೆ ಹೋದಳು. ಹೋದವಳು ನಿಂತಳು.

ಗೋಡೆಯುದ್ದಕ್ಕೂ ಮರದ ಹಲಗೆಗಳ ಮೇಲೆ ರಿಸೀವರ್‌ಗಳು. ಅವುಗಳ ಮೇಲೆ ಇಳಿಬಿದ್ದ ಹಸಿರು ಮಖಮಲ್ಲಿನ ಪರದೆ. ಮಾಸಿತ್ತು, ಒಂದೆರಡು ಕಡೆ ಬಿಸಿಗೆ ನವಿರು ಉದುರಿತ್ತು, ಆದರೂ ಮಖಮಲ್ಲೇ. ಒಂದೊಂದು ರಿಸೀವರಿನ ಮುಂದೆ ಒಂದೊಂದು ಪುಟ್ಟ ಮುಚ್ಚಳ, ಅದಕ್ಕೊಂದು ಗುಂಡಿ, ಮೇಲೆ ಹಳದಿ ದಾರದಲ್ಲಿ ನಂಬರಿನ ಕಸೂತಿ. ಬೇಕಾದ ಮುಚ್ಚಳ ಎತ್ತಿ ರಿಮೋಟ್ ಒತ್ತಿದರೆ ಅದೊಂದೇ ಬದಲಾಗುತ್ತದೆ, ಮುಚ್ಚಿದವು ಸುಮ್ಮನಿರುತ್ತವೆ. ಈಗ ಮುಚ್ಚಳಗಳನ್ನೆಲ್ಲ ಮೇಲಕ್ಕೆತ್ತಿ ಗುಂಡಿ ಹಾಕಿತ್ತು.

“ಇದು ನನ್ನ ಬಟ್ಟೆ,” ಎಂದಳು ಇನ್ಶಿರಾಹ್.

“ನಿನ್ನದೇ.”

“ಸಾಲಲಿಲ್ಲ ಅಂದಿದ್ದೆಯಲ್ಲೇ.”

ವಿದಾದ್ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. “ನನ್ನ ಹತ್ತಿರ ತುಂಡು ಬಟ್ಟೆ ಗಂಟುಗಟ್ಟಲೆ ಇತ್ತು. ಯಾವುದರಲ್ಲಾದರೂ ಹೊಲಿದುಕೊಡ್ತೀನಿ ಅಂದೆ. ಉಸ್ತಾ ಬೇಡ ಅಂದರು. ಇನ್ಶಿರಾಹ್ ಬಟ್ಟೆಯಲ್ಲಿ ಏನಾದರೂ ಉಳಿದಿದೆಯಾ ಅಂತ ಕೇಳಿದರು. ಅವಳದ್ದೇ ಆದರೆ ಬಂದು ನೋಡ್ತಾಳೆ, ಗುರುತು ಹಿಡೀತಾಳೆ, ನಗ್ತಾಳೆ. ಇನ್ನು ಮೇಲೆ ಅವಳು ಏನು ಒತ್ತಿದರೂ ಬೆಣ್ಣೆ ಕರಗೋದಿಲ್ಲ ಅಂತ ಹೇಳಿ ಅವರೂ ನಕ್ಕರು.”

“ಮತ್ತೆ?”

“ಏನೂ ಉಳಿದಿರಲಿಲ್ಲ ಇನ್ಶಿರಾಹ್. ಅಂಗಡಿಯವನು ಸರಿಯಾಗೇ ಕೊಟ್ಟಿದ್ದ. ನಾನೇ ಉಳಿಸಿದೆ. ನಿನ್ನ ತೋಳು ಕತ್ತರಿಸಿ ಉಳಿಸಿದೆ. ಕತ್ತರಿ ಆಡಿಸುವಾಗ ನನಗೆ ಖುಷಿಯಾಯ್ತು ಅಂತಲೂ ಹೇಳ್ತೀನಿ, ಕೇಳಿಸ್ಕೋ.”

ಹೊರಗೆ ಪಾರಿವಾಳಗಳು ರೆಕ್ಕೆ ಬಡಿದವು. ಇನ್ಶಿರಾಹ್ ಕುರ್ಚಿಯಲ್ಲಿ ಕೂತಳು. ಬಯ್ಯೂಮಿಯ ಕುರ್ಚಿ, ಮಧ್ಯದಲ್ಲಿ ಅವನ ಭಾರಕ್ಕೆ ತಗ್ಗಾಗಿತ್ತು. ಆ ತಗ್ಗಿನಲ್ಲಿ ಕೂತಾಗ, ಮೆಟ್ಟಿಲ ಮೇಲಿಂದ ಕೂಗಿದ ಆ ದನಿ, ಆಮೇಲೆ ಬಾಗಿಲು ಹಾಕಿದ ಸದ್ದು ಎರಡೂ ಬಂದವು. ಅಳು ಬಂತು. ವಿದಾದಳ ಎದುರಿಗೆ ಬಂತಲ್ಲ ಎಂದು ಸಿಟ್ಟೂ ಬಂತು.

“ಬಾಲ್ಕನಿಯಲ್ಲಿ ನಿಂತು ನಗ್ತಿದ್ದರಲ್ಲ,” ಎಂದಳು ತಲೆವಸ್ತ್ರದ ತುದಿಯಲ್ಲಿ ಮೂಗು ಒರೆಸಿಕೊಂಡು. “ಏನು ಹೇಳ್ತಿದ್ದೆ ನೀನು?”

“ಮರಳು ಇದೆ ಅಂತಿದ್ದೆ. ನಿಜಕ್ಕೂ ಇರ್ತಿತ್ತು, ಕೆಲವು ದಿನ ಇಲ್ಲದಿದ್ದರೂ ಇದೆ ಅಂತಿದ್ದೆ. ಇದೆ ಅಂದರೆ ಮಾರನೇ ದಿನ ಬಂದು ನೋಡ್ತಿದ್ದರು. ಬಂದು, ಹೊಸಿಲಾಚೆ ನಿಂತು, ಕೇಬಲ್ ಮುಟ್ಟಿ ನೋಡಿ, ಹೋಗ್ತಿದ್ದರು. ಒಂದು ಲೋಟ ನೀರೂ ಕುಡೀಲಿಲ್ಲ.” ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. “ನಿನ್ನ ಮನೆ ಬಗ್ಗೆ ಹೇಳಿ ನಗ್ತಿದ್ದರು. ಮೊದಲನೇ ಮನೆಯಲ್ವಾ, ಅಲ್ಲಿಗೆ ಸಿಗ್ನಲ್ ಎಷ್ಟು ಜೋರಾಗಿ ಬರತ್ತೆ ಅಂದರೆ ಚಿತ್ರ ಹರಿದುಹೋಗತ್ತೆ ಅಂತೆ. ಅದಕ್ಕೇ ನಿನ್ನ ಟಿವಿ ಹಿಂದೆ ಒಂದು ಸಣ್ಣ ಪೀಸು ಹಾಕಿದ್ದಾರೆ, ಜೋರು ಕಡಿಮೆ ಮಾಡೋಕೆ. ನನಗೆ ಬರೋದು ಎಲ್ಲರ ಮನೆ ಹೊಕ್ಕು ಬಂದ ಮೇಲೆ ಉಳಿದದ್ದು. ಅದನ್ನ ಹಿಗ್ಗಿಸಿ ಹಿಗ್ಗಿಸಿ ನೋಡ್ಬೇಕು. ನಿನ್ನದನ್ನ ತಗ್ಗಿಸ್ತಾರೆ. ಇಷ್ಟು ವರ್ಷ ಅದೊಂದನ್ನೇ ಯೋಚನೆ ಮಾಡಿದ್ದೀನಿ.”

ಇನ್ಶಿರಾಹ್ ಅವಳನ್ನು ನೋಡಿದಳು. ಉದ್ದ ಮೂಗು, ಕಡ್ಡಿ ಮೈ. ತನ್ನನ್ನು ನೋಡಿ ಹೊಟ್ಟೆ ಉರಿದುಕೊಂಡವಳು ಒಬ್ಬಳು ಇದ್ದಳೆಂಬುದು ಅವಳಿಗೆ ಹೊಸದು. ಅದು ಹಿತವಾಗಿಯೂ ಇತ್ತು. ಆದರೂ ಗಂಡ ತನ್ನ ಟಿವಿಯ ಹಿಂದಿನ ಗುಟ್ಟನ್ನು ತನಗೆ ಹೇಳದೆ ಇವಳಿಗೆ ಹೇಳಿದ್ದ.

“ಕೀ,” ಎಂದು ಕೈ ಚಾಚಿದಳು.

ವಿದಾದ್ ದಾರವನ್ನು ತಲೆಯ ಮೇಲಿಂದ ತೆಗೆದು ಅವಳ ಅಂಗೈಗೆ ಹಾಕಿದಳು. “ಗಂಡಸರು ಬಂದ ಮೇಲೆ ಮೊದಲಿನ ಹಾಗೆ ಮಾಡ್ಬೇಕು. ಮುಚ್ಚಳ ಎತ್ತಿಯೇ ಇವೆ. ರಿಮೋಟಿನಲ್ಲಿ ಈ ಕೆಂಪು ಗುಂಡಿ ಒಂದು ಸಲ ಒತ್ತು, ಎಲ್ಲಾ ತಮ್ಮ ತಮ್ಮ ಜಾಗಕ್ಕೆ ಹೋಗ್ತವೆ. ಕಾಲುವೆ ಕಡೆ ಹೋಗೋ ಸಾಲಿಗೆ ಜೋರು ಹೆಚ್ಚಿಸೋ ಬೂಸ್ಟರು ಅದು, ಮೂಲೇದು. ಅದರ ತಿರುಪು…” ಮಾತು ನಿಲ್ಲಿಸಿದಳು. “ಅದು ಬಿಡು. ನನ್ನ ಮನೇದು.”

*

ಇಳಿಹೊತ್ತಿನ ಅಸರ್ ನಮಾಜಿನ ಕರೆ ಮುಗಿಯುವ ಹೊತ್ತಿಗೆ ಓಣಿಯ ತುದಿಯಲ್ಲಿ ಗಂಡಸರ ದನಿ ಕೇಳಿಸಿತು. ಖಾಲಿ ಚಟ್ಟ ಮಸೀದಿಗೆ ಮರಳಿತು. ಇಮಾದ್ ತಲೆ ಎತ್ತಿ ತಾರಸಿಯ ಕಡೆ ನೋಡಿ, ಅಲ್ಲಿ ಅಮ್ಮನನ್ನು ಕಂಡು ಏನೂ ಕೇಳದೆ ಒಳಗೆ ಹೋದ. ಅವನ ಶೂಗಳ ತುಂಬ ಸ್ಮಶಾನದ ಹಳದಿ ಮಣ್ಣು.

ಇನ್ಶಿರಾಹ್ ಕೋಣೆಗೆ ಬಂದು ಮುಚ್ಚಳಗಳನ್ನೆಲ್ಲ ಕೆಳಗಿಳಿಸಿದಳು. ಒಂದೇ ಸಲಕ್ಕೆ ಒತ್ತಲು ಮನಸ್ಸಾಗಲಿಲ್ಲ. ಒಂದೊಂದನ್ನೇ ಎತ್ತಿ, ಕೆಂಪು ಗುಂಡಿ ಒತ್ತಿ, ಕೋಣೆಯ ಮೂಲೆಯಲ್ಲಿದ್ದ ಪುಟ್ಟ ಟಿವಿಯಲ್ಲಿ ನೋಡಿ, ಮತ್ತೆ ಮುಚ್ಚಿದಳು. ಎರಡಕ್ಕೆ ಸುದ್ದಿ ಬಂತು. ಐದಕ್ಕೆ ಯಾವುದೋ ಕಾಲದ ನಾಯಕಿ ಮೆಟ್ಟಿಲು ಇಳಿದು ಬಂದಳು. ಏಳನ್ನು ಎತ್ತುವ ಮೊದಲು ಉಳಿದ ಮುಚ್ಚಳಗಳನ್ನೆಲ್ಲ ಒಮ್ಮೆ ಒತ್ತಿ ನೋಡಿದಳು. ಏಳೊಂದೇ ಬದಲಾಯಿತು. ಬೇರೆ ಯಾವುದೂ ಅಲ್ಲಾಡಲಿಲ್ಲ. ಅವಳು ಮಖಮಲ್ಲಿನ ಮೇಲೆ ಬೆರಳಾಡಿಸಿದಳು. ತನ್ನ ಮುಂಗೈಯನ್ನು ತಾನೇ ಸವರಿದ ಹಾಗಾಯಿತು.

ಹನ್ನೆರಡು ಮುಗಿಯುತ್ತಿದ್ದಂತೆ ಎದೆಯ ಬಳಿ ಬಯ್ಯೂಮಿಯ ಮೊಬೈಲು ಗುಂಯ್‌ಗುಟ್ಟಿತು. ಬೆಳಿಗ್ಗೆ ಅದರಲ್ಲಿ ವಿದಾದಳ ಹೆಸರು ಹುಡುಕಿ ಸಿಗದೆ, ಬಚ್ಚಿಟ್ಟಿದ್ದಾನೆ ಎಂದು ಹಲ್ಲು ಕಡಿದಿದ್ದಳು. ಈಗ ತೆರೆಯ ಮೇಲೆ ಬೆಳಗುತ್ತಿದ್ದುದು ‘ಕೊನೆ ಮನೆ’.

ಕಿವಿಗಿಟ್ಟುಕೊಂಡಳು. ಆ ಕಡೆಯಿಂದ ಸಲಾಂ ಬರಲಿಲ್ಲ. ರೂಢಿಯ ಮಾತೇ ಬಂತು.

“ಏಳು ಚೆನ್ನಾಗಿದೆ. ಹನ್ನೆರಡರಲ್ಲಿ ಮರಳು.”

ಇನ್ಶಿರಾಹ್ ಮೂಲೆಯ ಬೂಸ್ಟರಿನ ಹತ್ತಿರ ಹೋದಳು. ಅದಕ್ಕೂ ಒಂದು ಹಸಿರು ಮುಚ್ಚಳ ಇತ್ತು, ನಂಬರಿಲ್ಲದ್ದು. ಪಕ್ಕದಲ್ಲೇ ಸಣ್ಣ ಸ್ಕ್ರೂಡ್ರೈವರ್ ದಾರದಲ್ಲಿ ನೇತಾಡುತ್ತಿತ್ತು. ತಿರುಪಿಗೆ ಅದರ ತುದಿ ಕೂರಿಸಿ ಮೆಲ್ಲಗೆ ತಿರುಗಿಸಿದಳು.

“ಈಗ?”

“ಇನ್ನೂ ಇದೆ.”

“ಈಗ?”

“ಈಗ ಗಾಜಿನ ಹಾಗಿದೆ,” ಎಂದಳು ವಿದಾದ್. “ಇಷ್ಟು ಚೆನ್ನಾಗಿ ನನ್ನ ಮನೆಗೆ ಯಾವತ್ತೂ ಬಂದಿರಲಿಲ್ಲ.”

ಇನ್ಶಿರಾಹ್ ಫೋನನ್ನು ಭುಜಕ್ಕೆ ಒತ್ತಿ ಹಿಡಿದಳು. ತಿರುಪನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದಳು.

“ಮತ್ತೆ ಸ್ವಲ್ಪ ಮರಳು ಬಂತು,” ಎಂದಿತು ದನಿ.

“ಅಷ್ಟು ಇರಲಿ,” ಎಂದಳು ಇನ್ಶಿರಾಹ್. ತಿರುಪಿನ ಮೇಲೆ ಹಸಿರು ಮುಚ್ಚಳ ಇಳಿಬಿಟ್ಟು, ಗುಂಡಿ ಹಾಕಿದಳು.